ಅಪ್‌ಡೇಟ್ ಬಂದ ದಿನ, ಹಾಕಿಕೊಂಡ ದಿನ

2024ರ ಜುಲೈ ತಿಂಗಳಲ್ಲಿ ಹನ್ನೆರಡು ದಿನಗಳ ಅಂತರದಲ್ಲಿ ಎರಡು ಘಟನೆಗಳು ನಡೆದವು. ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ತನ್ನ ಗ್ರಾಹಕರಿಗೆಲ್ಲ ಒಂದು ಅಪ್‌ಡೇಟ್ ಕಳಿಸಿತು. ಅದರಲ್ಲೇ ದೋಷವಿತ್ತು. ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಸುಮ್ಮನಾದವು, ವಿಮಾನಗಳು ನಿಂತವು, ಆಸ್ಪತ್ರೆಗಳು ಪರದಾಡಿದವು. ಜುಲೈ 31ರಂದು ನಮ್ಮದೇ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಕೈಕೊಟ್ಟಿತು. ಸಹಕಾರಿ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ಕಡತಗಳನ್ನು ಒತ್ತೆಯಿಟ್ಟು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ದಾಳಿ ನಡೆದಿರಬಹುದೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಕಂಪನಿಯ ಸಂಪರ್ಕವನ್ನೇ ಕಡಿದಿತ್ತು. ಮರುದಿನ ಸಂಪರ್ಕ ಮರಳಿತು.

ಎರಡನೆಯ ಘಟನೆಯ ಬೇರು ಎಲ್ಲಿತ್ತು ಎಂಬುದನ್ನು ಬೆಂಗಳೂರಿನ ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ವಿಶ್ಲೇಷಿಸಿತು. ಅದರ ಪ್ರಕಾರ ದಾಳಿಕೋರರು ನುಸುಳಿದ್ದು ಸಿ-ಎಡ್ಜ್ ಜೊತೆ ವ್ಯವಹಾರವಿದ್ದ ಮತ್ತೊಂದು ಕಂಪನಿಯ ಸರ್ವರಿನಿಂದ, ಅಲ್ಲಿದ್ದ ಜೆಂಕಿನ್ಸ್ ಎಂಬ ತಂತ್ರಾಂಶದ ದೋಷವೊಂದರ ಮೂಲಕ. ಆ ದೋಷವನ್ನು ಸರಿಪಡಿಸಿದ ಆವೃತ್ತಿ ಜನವರಿ 24ಕ್ಕೇ ಹೊರಬಂದಿತ್ತು. ಅಂದರೆ ಮದ್ದು ಬಂದು ಆರು ತಿಂಗಳಾಗಿತ್ತು.

ಮೊದಲ ಸಲ ಅಪ್‌ಡೇಟ್ ಹಾಕಿಕೊಂಡವರು ಕೆಟ್ಟರು, ಎರಡನೆಯ ಸಲ ಹಾಕಿಕೊಳ್ಳದವರಿಂದ ಊರೆಲ್ಲ ಕೆಟ್ಟಿತು. ಹಾಗಾದರೆ ಫೋನಿನಲ್ಲಿ ಮೇಲಿಂದ ಮೇಲೆ ಕಾಣುವ ಆ ಸೂಚನೆಗೆ ಏನು ಮಾಡಬೇಕು? ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. ಇಲ್ಲಿ ಅಡಿಕೆ ದುಡ್ಡು, ಬೆಳೆಸಾಲ, ಗೊಬ್ಬರದ ಬಾಕಿ ಎಲ್ಲ ಹರಿಯುವುದು ಸೊಸೈಟಿ ಮತ್ತು ಸಹಕಾರಿ ಬ್ಯಾಂಕುಗಳ ಮೂಲಕ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ದಪ್ಪ ರಟ್ಟಿನ ಲೆಜರ್ ಪುಸ್ತಕ ಕಪಾಟಿನಿಂದ ಕಂಪ್ಯೂಟರಿಗೆ ಹೋದ ಮೇಲೆ ಅದರ ರಕ್ಷಣೆಯ ಲೆಕ್ಕವೂ ಬದಲಾಗುತ್ತದೆ.

ಮೊದಲು ರಕ್ಷಣೆ ಯಾವುದು ಎಂದು ನೋಡೋಣ. ಪಹಣಿಗಾಗಿ ಸರ್ಕಾರದ ಜಾಲತಾಣ ತೆರೆಯಿರಿ, ಅಂಗಡಿಯಲ್ಲಿ ಕ್ಯೂಆರ್ ಕೋಡಿಗೆ ಫೋನ್ ಹಿಡಿಯಿರಿ, ಬೆಂಗಳೂರಿನ ಮಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ, ಮಾಹಿತಿ ಹೋಗುವುದು ಗೂಢಲಿಪಿಯಾಗಿಯೇ. ಈ ಎನ್‌ಕ್ರಿಪ್ಶನ್ ಎರಡು ಕೆಲಸ ಮಾಡುತ್ತದೆ. ದಾರಿಯಲ್ಲಿ ಯಾರಾದರೂ ಕದ್ದು ನೋಡಿದರೆ ಅರ್ಥವಾಗದಂತೆ ಮಾಹಿತಿಯನ್ನು ಕಲಸಿಡುವುದು ಒಂದು. ಆಚೆ ತುದಿಯಲ್ಲಿ ಕೂತದ್ದು ನಿಜವಾಗಿ ನಿಮ್ಮ ಬ್ಯಾಂಕೇ ಹೌದೇ ಎಂದು ಪರೀಕ್ಷಿಸುವುದು ಇನ್ನೊಂದು. ಇವತ್ತು ಹೆಚ್ಚು ಬಳಕೆಯಲ್ಲಿರುವ ಎಇಎಸ್ ವಿಧಾನವನ್ನು ಅಮೆರಿಕ ಸರ್ಕಾರ 2001ರಲ್ಲಿ ಮಾನದಂಡವಾಗಿ ಪ್ರಕಟಿಸಿತು. ಅದರ ಗಣಿತದಲ್ಲಿ ಗುಟ್ಟಿಲ್ಲ, ಯಾರು ಬೇಕಾದರೂ ಓದಬಹುದು. ಗುಟ್ಟೇನಿದ್ದರೂ ಕೀಲಿಯದು. 128 ಬಿಟ್‌ಗಳ ಕೀಲಿಯಾದರೆ ಸಾಧ್ಯವಿರುವ ಕೀಲಿಗಳ ಸಂಖ್ಯೆ 39 ಅಂಕಿಗಳಷ್ಟು ಉದ್ದ. ಒಂದೊಂದಾಗಿ ಹಾಕಿ ನೋಡುತ್ತೇನೆ ಎಂದು ಹೊರಟ ಯಾವ ಕಂಪ್ಯೂಟರಿನ ಆಯುಷ್ಯವೂ ಸಾಲದು.

ಗಣಿತ ಇಷ್ಟು ಗಟ್ಟಿಯಿದ್ದರೂ ದಾಳಿಗಳು ನಡೆಯುತ್ತಲೇ ಇವೆ. ಯಾಕೆಂದರೆ ಗಣಿತ ತಾನಾಗಿ ಕೆಲಸ ಮಾಡುವುದಿಲ್ಲ. ಅದನ್ನು ಯಾರೋ ಪ್ರೋಗ್ರಾಮಾಗಿ ಬರೆಯಬೇಕು. ಬರೆಯುವವರು ಮನುಷ್ಯರು.

ಇದಕ್ಕೆ ಇತಿಹಾಸದಲ್ಲಿ ದೊಡ್ಡ ಉದಾಹರಣೆ ಹಾರ್ಟ್‌ಬ್ಲೀಡ್. ಜಗತ್ತಿನ ಅಸಂಖ್ಯ ಜಾಲತಾಣಗಳ ಎನ್‌ಕ್ರಿಪ್ಶನ್ ಕೆಲಸ ಮಾಡುವುದು ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಸಂಪರ್ಕ ಜೀವಂತವಾಗಿದೆಯೇ ಎಂದು ವಿಚಾರಿಸಿಕೊಳ್ಳುವ ಒಂದು ಸೌಲಭ್ಯವಿತ್ತು. ಈ ಕಡೆಯ ಯಂತ್ರ, 'ಇದೋ ಒಂದು ಪದ, ಇದರಲ್ಲಿ ಇಷ್ಟು ಅಕ್ಷರವಿದೆ, ಹಾಗೇ ತಿರುಗಿ ಕಳಿಸು' ಎನ್ನುತ್ತಿತ್ತು. ಸರ್ವರ್ ಹಾಗೇ ಕಳಿಸುತ್ತಿತ್ತು. 2011ರ ಡಿಸೆಂಬರ್ 31ರಂದು ಈ ಭಾಗ ಸೇರಿಸುವಾಗ ಒಂದು ಪರೀಕ್ಷೆ ಬಿಟ್ಟುಹೋಯಿತು. ಕಳಿಸಿದ ಪದ ನಿಜಕ್ಕೂ ಅಷ್ಟು ಉದ್ದವಿದೆಯೇ ಎಂದು ಸರ್ವರ್ ಅಳೆದು ನೋಡುತ್ತಿರಲಿಲ್ಲ. ಒಂದೇ ಅಕ್ಷರ ಕಳಿಸಿ '64 ಸಾವಿರ ಅಕ್ಷರವಿದೆ' ಎಂದು ಸುಳ್ಳು ಹೇಳಿದರೆ, ಸರ್ವರ್ ಆ ಒಂದರ ಜೊತೆ ತನ್ನ ನೆನಪಿನಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ತುಂಬಿ ಕೊಡುತ್ತಿತ್ತು. ಅದರಲ್ಲಿ ಬೇರೆಯವರ ಪಾಸ್‌ವರ್ಡ್ ಇರಬಹುದು, ಸರ್ವರಿನ ಸ್ವಂತ ಗುಪ್ತ ಕೀಲಿಯೇ ಇರಬಹುದು. ಹೀಗೆ ಕದ್ದದ್ದಕ್ಕೆ ದಾಖಲೆಪಟ್ಟಿಯಲ್ಲಿ ಗುರುತೂ ಉಳಿಯುತ್ತಿರಲಿಲ್ಲ.

ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನೋಮಿಕಾನ್ ಕಂಪನಿಯ ತಜ್ಞರು ಇದನ್ನು ಬೇರೆಬೇರೆಯಾಗಿ ಪತ್ತೆಹಚ್ಚಿದರು. 2014ರ ಏಪ್ರಿಲ್ 7ರಂದು ಸುದ್ದಿ ಬಹಿರಂಗವಾಯಿತು, ಅದೇ ದಿನ ಸರಿಪಡಿಸಿದ ಆವೃತ್ತಿಯೂ ಬಂತು. ತಿದ್ದುಪಡಿ ಎಂದರೆ ಕೆಲವೇ ಸಾಲು: ಹೇಳಿದ ಉದ್ದ ನಿಜವಲ್ಲದಿದ್ದರೆ ಉತ್ತರ ಕೊಡಬೇಡ, ಅಷ್ಟೇ. ಆದರೆ ಆ ಹೊತ್ತಿಗೆ ಸುಮಾರು ಐದು ಲಕ್ಷ ಸುರಕ್ಷಿತ ಜಾಲತಾಣಗಳಲ್ಲಿ ಈ ಕಿಂಡಿ ತೆರೆದಿತ್ತು. ಅವೆಲ್ಲಕ್ಕೂ ಆಧಾರವಾಗಿದ್ದ ಓಪನ್‌ಎಸ್‌ಎಸ್‌ಎಲ್ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರ್ ಮಾತ್ರ ಎಂಬುದೂ ಆಗಲೇ ಲೋಕಕ್ಕೆ ಗೊತ್ತಾಯಿತು.

ಇದರಲ್ಲಿ ನಾವು ಹಿಡಿದುಕೊಳ್ಳಬೇಕಾದ ಭಾಗ ಕೆನಡಾದ್ದು. ಅಲ್ಲಿನ ತೆರಿಗೆ ಇಲಾಖೆಯ ಜಾಲತಾಣದಿಂದ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾದವು. ಕಳವು ನಡೆದದ್ದು ಆರು ಗಂಟೆಗಳ ಅವಧಿಯಲ್ಲಿ, ದೋಷ ಬಹಿರಂಗವಾದ ಮೇಲೆ ಮತ್ತು ಇಲಾಖೆ ಅದನ್ನು ಮುಚ್ಚುವ ಮೊದಲು. ದೋಷ ಎರಡು ವರ್ಷದಿಂದ ಇತ್ತು. ಮದ್ದೂ ಸಿದ್ಧವಿತ್ತು. ಕಳ್ಳನಿಗೆ ಅನುಕೂಲವಾದದ್ದು ಮದ್ದು ಬಂದ ಹೊತ್ತಿಗೂ ಹಾಕಿದ ಹೊತ್ತಿಗೂ ನಡುವಿನ ಅಂತರ.

ಈ ಅಂತರ ಯಾಕೆ ಅಷ್ಟು ಅಪಾಯಕಾರಿ? ಅಪ್‌ಡೇಟ್ ಬಿಡುಗಡೆಯಾಗುವುದೆಂದರೆ ದೋಷ ಎಲ್ಲಿದೆ ಎಂದು ಜಗತ್ತಿಗೆ ತೋರಿಸಿದಂತೆ. ಹಳೆಯ ಆವೃತ್ತಿಯನ್ನೂ ಹೊಸದನ್ನೂ ಎದುರುಬದುರು ಇಟ್ಟು ಯಾವ ಸಾಲು ಬದಲಾಗಿದೆ ಎಂದು ನೋಡಿದರೆ ಬಲ್ಲವರಿಗೆ ಕಿಂಡಿ ಸಿಕ್ಕಿಬಿಡುತ್ತದೆ. ಅಲ್ಲಿಯವರೆಗೆ ಬೆರಳೆಣಿಕೆಯ ಜನಕ್ಕೆ ಗೊತ್ತಿದ್ದದ್ದು ಅಂದಿನಿಂದ ಎಲ್ಲರ ಸ್ವತ್ತು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ಗಂಭೀರ ದೋಷಕ್ಕೆ ತಿದ್ದುಪಡಿ ಕೊಟ್ಟಿತು. ಮೇ 12ರಂದು ಅದೇ ದೋಷ ಹಿಡಿದು ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಕ್ರಿಮಿ ಹಬ್ಬಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳನ್ನು ಅದು ಎನ್‌ಕ್ರಿಪ್ಟ್ ಮಾಡಿ, ಬಿಡಿಸಿಕೊಡಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳಿತು. ನಮ್ಮನ್ನು ಕಾಯುವ ವಿದ್ಯೆಯೇ ಅಲ್ಲಿ ಒತ್ತೆ ಇಡಿಸುವ ವಿದ್ಯೆಯಾಗಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ಅದಕ್ಕೆ ಸಿಕ್ಕಿಬಿದ್ದ ಸುದ್ದಿ ಎಲ್ಲರೂ ಓದಿದರು. ಆದರೆ ನಮ್ಮ ಗಡಿಯ ಆಚೆ, ಮಲೆನಾಡಿನ ಹಾಗೇ ಅಡಿಕೆ ಮೆಣಸು ಬೆಳೆಯುವ ವಯನಾಡಿನಲ್ಲಿ, ತರಿಯೋಡ್ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದ್ದವು. ಹಳ್ಳಿ ಪಂಚಾಯಿತಿಯನ್ನು ಯಾರು ಕೇಳುತ್ತಾರೆ ಎಂಬ ಮಾತು ಅಲ್ಲಿಗೆ ಮುಗಿಯಿತು. ಈ ಕ್ರಿಮಿ ಊರಿನ ಹೆಸರು ನೋಡಿ ಬರುವುದಿಲ್ಲ, ಕಿಂಡಿ ನೋಡಿ ಬರುತ್ತದೆ.

ಅಡಿಕೆ ಬೆಳೆಗಾರರಿಗೆ ಈ ಲೆಕ್ಕ ಹೊಸದೇನಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸಿದರು. ಅಂದಿನಿಂದ ಪದ್ಧತಿ ಒಂದೇ: ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಮತ್ತೊಂದು ಸಲ. ಕೊಳೆ ತಗುಲಿದ ಮೇಲೆ ಕೊನೆಗೌಡನನ್ನು ಕರೆದರೆ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ. ಹೋದ ವರ್ಷ ಹೊಡೆಸಿದ್ದೇನಲ್ಲ ಎಂಬುದಕ್ಕೂ ಬೆಲೆಯಿಲ್ಲ. ಪಕ್ಕದವನು ಹೊಡೆಸದೆ ಬಿಟ್ಟರೆ ಅವನ ತೋಟದ ರೋಗ ಬೇಲಿ ದಾಟುತ್ತದೆ. ತಂತ್ರಾಂಶದ ತಿದ್ದುಪಡಿಯೂ ಇದೇ ಜಾತಿಯದು: ಮುಂಚೆ, ಮತ್ತೆಮತ್ತೆ, ಎಲ್ಲರೂ.

ಆದರೆ ಮಲೆನಾಡಿನಲ್ಲಿ ಈ ಅಂತರ ಬೆಳೆಯುವುದಕ್ಕೆ ಜನರ ಸೋಮಾರಿತನ ಮಾತ್ರ ಕಾರಣ ಎಂದರೆ ಅನ್ಯಾಯವಾಗುತ್ತದೆ. ಆಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್ ಸಾಮಾನ್ಯವಾಗಿ ಆ್ಯಪ್‌ಗಳನ್ನು ತಾನಾಗಿ ಅಪ್‌ಡೇಟ್ ಮಾಡುವುದು ವೈ-ಫೈ ಇದ್ದಾಗ, ಅದೂ ಫೋನ್ ಚಾರ್ಜಿಗಿಟ್ಟು ಬಿಟ್ಟಿದ್ದಾಗ. ನಗರದ ಮನೆಯಲ್ಲಿ ರಾತ್ರಿಯಾದರೆ ಇವೆರಡೂ ಕೂಡಿ ಬರುತ್ತವೆ. ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಯಲ್ಲೋ, ಹೊಸನಗರದ ನಗರ, ನಿಟ್ಟೂರು ಕಡೆಯಲ್ಲೋ, ಆಗುಂಬೆಯ ಸುತ್ತಲಿನ ಹಳ್ಳಿಗಳಲ್ಲೋ ಸಿಗ್ನಲ್ಲಿಗೆ ಗುಡ್ಡದ ನೆತ್ತಿಗೆ ಹೋಗುವ ಮನೆಗಳಿವೆ. ಆಷಾಢದ ಮಳೆಗೆ ಮರ ಬಿದ್ದು ಮೆಸ್ಕಾಂ ಲೈನು ಹರಿದರೆ ಕರೆಂಟು ಯಾವಾಗ ಬರುತ್ತದೋ ಹೇಳುವಂತಿಲ್ಲ. ಕರೆಂಟಿದ್ದಾಗ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇರುವಲ್ಲಿ ಚಾರ್ಜರ್ ಇಲ್ಲ. ಹೀಗೆ ಯಾರೂ 'ಬೇಡ' ಎನ್ನದೆಯೇ ಫೋನ್ ತಿಂಗಳುಗಟ್ಟಲೆ ಹಳೆಯ ಆವೃತ್ತಿಯಲ್ಲೇ ಉಳಿದುಬಿಡುತ್ತದೆ. ಹಳ್ಳಿಗೆ ಟವರ್ ಬೇಕು ಎಂದು ಕೇಳುವಾಗ ನಾವು ಮಕ್ಕಳ ಓದು, ಆಂಬುಲೆನ್ಸ್ ಕರೆ ಎಂದು ಸರಿಯಾಗಿಯೇ ಹೇಳುತ್ತೇವೆ. ನೆಟ್‌ವರ್ಕ್ ಇಲ್ಲದ ಊರಿನ ದುಡ್ಡಿಗೂ ರಕ್ಷಣೆ ಕಮ್ಮಿ ಎಂಬುದನ್ನೂ ಆ ಪಟ್ಟಿಗೆ ಸೇರಿಸಬೇಕು.

ವಾಟ್ಸ್‌ಆ್ಯಪ್ ಹೇಗೂ ಎನ್‌ಕ್ರಿಪ್ಟ್ ಆಗಿದೆಯಲ್ಲ, ಮತ್ಯಾಕೆ ಚಿಂತೆ ಎನ್ನುವವರೂ ಇದ್ದಾರೆ. 2016ರ ಏಪ್ರಿಲ್‌ನಿಂದ ಅದರ ಎಲ್ಲ ಸಂದೇಶಗಳೂ ತುದಿಯಿಂದ ತುದಿಗೆ ಗೂಢಲಿಪಿಯಲ್ಲೇ ಹೋಗುತ್ತವೆ, ನಿಜ. 2019ರ ಮೇ ತಿಂಗಳಲ್ಲಿ ಅದರ ಕರೆ ಸ್ವೀಕರಿಸುವ ಭಾಗದಲ್ಲಿ ದೋಷ ಸಿಕ್ಕಿತು. ವಾಟ್ಸ್‌ಆ್ಯಪ್ ಕರೆ ಬಂದರೆ ಸಾಕು, ಎತ್ತದಿದ್ದರೂ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶ ಫೋನಿನೊಳಗೆ ಇಳಿಯಬಹುದಿತ್ತು. ಸುಮಾರು 1,400 ಫೋನುಗಳನ್ನು ಹೀಗೆ ಗುರಿ ಮಾಡಲಾಗಿತ್ತು. ಅವುಗಳಲ್ಲಿ ಭಾರತದ ಪತ್ರಕರ್ತರು, ಹೋರಾಟಗಾರರ ಫೋನುಗಳೂ ಇದ್ದವು. ದಾರಿಯಲ್ಲಿ ಯಾರೂ ಓದಲಾಗದ ಸಂದೇಶವನ್ನು ಪರದೆಯ ಮೇಲೆ ಬಿಡಿಸಿಟ್ಟ ಮೇಲೆ ಓದಿದರೆ ಯಾವ ಗಣಿತ ತಡೆಯುತ್ತದೆ? ಆಗ ಕಂಪನಿ ತನ್ನ 150 ಕೋಟಿ ಬಳಕೆದಾರರಿಗೆ ಹೇಳಿದ್ದು ಒಂದೇ ಮಾತು, ಅಪ್‌ಡೇಟ್ ಮಾಡಿಕೊಳ್ಳಿ.

ಅಪ್‌ಡೇಟ್ ಹಾಕಿದರೆ ಕೆಲಸ ಮುಗಿಯಿತು ಎಂದೂ ಅಲ್ಲ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ನಿರ್ವಾಹಕರೊಬ್ಬರು, ಪರೀಕ್ಷಾ ಸಲಕರಣೆ ಎಚ್ಚರಿಕೆ ತೋರಿಸುತ್ತಿದೆ ಎಂದು ಓಪನ್‌ಎಸ್‌ಎಸ್‌ಎಲ್‌ನಿಂದ ಎರಡು ಸಾಲು ತೆಗೆದರು. ಕೀಲಿ ತಯಾರಿಸುವಾಗ ಯಾರೂ ಊಹಿಸಲಾಗದ ಅಂಕಿಗಳನ್ನು ಒದಗಿಸುತ್ತಿದ್ದುದೇ ಆ ಸಾಲುಗಳು. ಪರಿಣಾಮವಾಗಿ ಎಣಿಸಲಾಗದಷ್ಟು ಇರಬೇಕಾದ ಕೀಲಿಗಳು ಒಂದೊಂದು ಬಗೆಯಲ್ಲೂ 32 ಸಾವಿರದ ಚಿಲ್ಲರೆಗೆ ಇಳಿದವು. 2008ರ ಮೇ ತಿಂಗಳಲ್ಲಿ ಲುಸಿಯಾನೊ ಬೆಲ್ಲೊ ಇದನ್ನು ಕಂಡುಹಿಡಿದಾಗ ತಂತ್ರಾಂಶ ಸರಿಹೋಯಿತು, ಆದರೆ ಆ ಎರಡು ವರ್ಷದಲ್ಲಿ ತಯಾರಾದ ದುರ್ಬಲ ಕೀಲಿಗಳು ಹಾಗೇ ಉಳಿದಿದ್ದವು. ಒಂದೊಂದನ್ನೂ ಹುಡುಕಿ ಬದಲಿಸಬೇಕಾಯಿತು. ಹಾರ್ಟ್‌ಬ್ಲೀಡ್ ಆದಾಗಲೂ ಹೀಗೇ: ಮೊದಲು ತಿದ್ದುಪಡಿ, ಆಮೇಲೆ ಹೊಸ ಕೀಲಿ, ಹೊಸ ಪ್ರಮಾಣಪತ್ರ, ಕೊನೆಗೆ ಬಳಕೆದಾರರ ಹೊಸ ಪಾಸ್‌ವರ್ಡ್. ಈ ಕ್ರಮ ತಪ್ಪಿದರೆ ಹೊಸ ಪಾಸ್‌ವರ್ಡೂ ಹಳೆಯ ಕಿಂಡಿಯಿಂದಲೇ ಹೋಗುತ್ತದೆ.

ಇನ್ನು ಅಪ್‌ಡೇಟಿನ ಬಗ್ಗೆ ಇರುವ ಭಯ. ಅದು ಬುಡವಿಲ್ಲದ ಭಯವಲ್ಲ. ಅಪ್‌ಡೇಟ್ ಅಸಲಿಯೇ ಎಂದು ಯಂತ್ರ ತಿಳಿಯುವುದು ಅದರ ಡಿಜಿಟಲ್ ಸಹಿಯಿಂದ, ಆ ಸಹಿಯೂ ಎನ್‌ಕ್ರಿಪ್ಶನ್ ವಿದ್ಯೆಯದೇ ಕೂಸು. 2020ರ ಜನವರಿ 14ರಂದು ಮೈಕ್ರೋಸಾಫ್ಟ್ ಸರಿಪಡಿಸಿದ ದೋಷವೊಂದು ವಿಂಡೋಸ್ 10ರಲ್ಲಿ ಈ ಸಹಿ ಪರೀಕ್ಷೆಯನ್ನೇ ಮೋಸಗೊಳಿಸುವಂಥದ್ದು. ಅದನ್ನು ಕಂಡು ತಿಳಿಸಿದ್ದು ಅಮೆರಿಕದ ಗೂಢಚರ ಸಂಸ್ಥೆ ಎನ್‌ಎಸ್‌ಎ. 2024ರ ಆರಂಭದಲ್ಲಿ ಲಿನಕ್ಸ್‌ನ ಎಕ್ಸ್‌ಜೆಡ್ ಎಂಬ ಸಣ್ಣ ಘಟಕದ ಹೊಸ ಆವೃತ್ತಿಯಲ್ಲಿ ಯಾರೋ ಬೇಕೆಂದೇ ಕಳ್ಳದಾರಿ ಹುದುಗಿಸಿದ್ದರು. ಸರ್ವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ಆ ಆವೃತ್ತಿ ಪ್ರಾಯೋಗಿಕ ಹಂತದ ಲಿನಕ್ಸ್‌ಗಳಿಗೆ ಸೇರಿತ್ತು, ಡೆಬಿಯನ್‌ನ ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ.

ಇದರಿಂದ ಕಲಿಯಬೇಕಾದದ್ದು ಅಪ್‌ಡೇಟನ್ನೇ ಬಿಡುವುದನ್ನಲ್ಲ, ಹಾಕುವ ರೀತಿಯನ್ನು. ಹೊಸ ಸೌಲಭ್ಯ ತರುವ ದೊಡ್ಡ ಆವೃತ್ತಿಗೆ ನಾಲ್ಕು ವಾರ ಕಾದರೆ ನಷ್ಟವಿಲ್ಲ. ಭದ್ರತಾ ತಿದ್ದುಪಡಿಗೆ ಕಾಯುವುದಿದ್ದರೆ ದಿನಗಳ ಲೆಕ್ಕದಲ್ಲಿ ಕಾಯಬೇಕು, ತಿಂಗಳ ಲೆಕ್ಕದಲ್ಲಿ ಅಲ್ಲ. ಹತ್ತು ಕಂಪ್ಯೂಟರ್ ಇರುವ ಕಚೇರಿಯಲ್ಲಿ ಮೊದಲು ಒಂದಕ್ಕೆ ಹಾಕಿ, ಕೆಲಸ ಸರಿಯಿದೆ ಎಂದು ನೋಡಿ ಉಳಿದವಕ್ಕೆ ಹಾಕುವುದು ಜಾಣತನ. ಅದಕ್ಕೂ ಮೊದಲು ಲೆಕ್ಕದ ಪ್ರತಿಯೊಂದು ಹಾರ್ಡ್ ಡಿಸ್ಕಿನಲ್ಲಿರಬೇಕು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಟ್ಟಿರಬೇಕು. ಸಿಕ್ಕಿಸಿಯೇ ಬಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಜೊತೆಗೇ ನುಂಗುತ್ತದೆ.

ಮನೆಯವರಿಗೆ ಮೂರು ಮಾತು. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ತೆರೆದರೆ ಭದ್ರತಾ ತಿದ್ದುಪಡಿಯ ದಿನಾಂಕ ಕಾಣುತ್ತದೆ. ಅದು ವರ್ಷಕ್ಕಿಂತ ಹಳೆಯದಾಗಿದ್ದು, ಕಂಪನಿ ಇನ್ನು ಕೊಡುವುದೂ ಇಲ್ಲ ಎಂದಾದರೆ ಆ ಫೋನು ಮಾತಿಗೆ, ಹಾಡಿಗೆ ಇರಲಿ, ಯುಪಿಐಗೆ ಬೇಡ. ವೈ-ಫೈ ಇಲ್ಲದ ಮನೆಯವರು ಪೇಟೆಗೆ ಹೋದಾಗ ಒಂದಷ್ಟು ಹೊತ್ತು ಒಳ್ಳೆಯ ನೆಟ್‌ವರ್ಕಿನಲ್ಲಿ ಪ್ಲೇ ಸ್ಟೋರ್ ತೆರೆದು ವಾಟ್ಸ್‌ಆ್ಯಪ್, ಬ್ರೌಸರ್, ಬ್ಯಾಂಕಿನ ಆ್ಯಪ್ ಇಷ್ಟನ್ನಾದರೂ ಅಪ್‌ಡೇಟ್ ಮಾಡಿಕೊಳ್ಳಲಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅಪ್‌ಡೇಟ್ ಎಂದೂ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಬರುವುದಿಲ್ಲ. ಪಿಎಂ ಕಿಸಾನ್ ಕಂತು, ಬ್ಯಾಂಕಿನ ಕೆವೈಸಿ, ವಾಹನದ ದಂಡ, ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ಎಪಿಕೆ ಎಂಬ ಆ್ಯಪ್ ಕಡತ ಬಂದರೆ ಅದು ಕಳ್ಳ. ಒತ್ತಿ ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆಯ ವೈ-ಫೈ ಪೆಟ್ಟಿಗೆಯನ್ನೂ ಮರೆಯುವಂತಿಲ್ಲ. 2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಮ್ಯಾಥಿ ವ್ಯಾನ್‌ಹೂಫ್ ಡಬ್ಲ್ಯುಪಿಎ2 ಎಂಬ ವೈ-ಫೈ ಎನ್‌ಕ್ರಿಪ್ಶನ್ ವಿಧಾನದಲ್ಲೇ ದೋಷ ತೋರಿಸಿದರು. ಫೋನುಗಳಿಗೆ ತಿದ್ದುಪಡಿ ಬಂತು. ಕೇಬಲ್‌ನವರು ಗೋಡೆಗೆ ಹೊಡೆದು ಹೋದ ಪೆಟ್ಟಿಗೆಯನ್ನು ಯಾರು ನೋಡಿಕೊಳ್ಳಬೇಕು? ಮುಂದಿನ ಸಲ ಬಿಲ್ಲಿಗೆ ಬಂದಾಗ ಅವರನ್ನೇ ಕೇಳಬಹುದು.

ಸೊಸೈಟಿಗಳದ್ದು ಇನ್ನೂ ದೊಡ್ಡ ಹೊಣೆ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಚೆನ್ನಾಗಿ ಓಡುತ್ತಿದೆ ಎಂಬ ಕಾರಣಕ್ಕೆ ಇವು ಇನ್ನೂ ಎಷ್ಟೋ ಮೇಜುಗಳ ಮೇಲಿವೆ. ಓಡುವುದು ಬೇರೆ, ಕಾಯುವುದು ಬೇರೆ. ಅಂಥ ಯಂತ್ರದಲ್ಲಿ ನಾಳೆ ಸಿಗುವ ದೋಷಕ್ಕೆ ಉಚಿತ ಮದ್ದು ತಾನಾಗಿ ಬರುವುದಿಲ್ಲ. ತಂತ್ರಾಂಶ ಕೊಟ್ಟ ಕಂಪನಿಗೆ ವರ್ಷವರ್ಷ ನಿರ್ವಹಣಾ ಶುಲ್ಕ ಕಟ್ಟುವಾಗ, ಭದ್ರತಾ ತಿದ್ದುಪಡಿ ಬಂದ ಎಷ್ಟು ದಿನದೊಳಗೆ ಹಾಕಿಕೊಡುತ್ತೀರಿ ಎಂಬ ಒಂದು ಸಾಲು ಕರಾರಿನಲ್ಲಿರಬೇಕು. ಸೈಬರ್ ದಾಳಿಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿದೆ. ಯಾರು ತಿಳಿಸಬೇಕು, ಹೇಗೆ ಎಂಬುದು ಕಾರ್ಯದರ್ಶಿಗೆ ಮೊದಲೇ ಗೊತ್ತಿರಬೇಕು. ಅದೇ ಸಂಸ್ಥೆ ಹೊರಡಿಸುವ ಎಚ್ಚರಿಕೆಗಳ ಸಾರವನ್ನು ಜಿಲ್ಲೆಯ ಸಹಕಾರ ಇಲಾಖೆ ಕನ್ನಡದಲ್ಲಿ ನಾಲ್ಕು ಸಾಲು ಮಾಡಿ ಸಂಘಗಳಿಗೆ ಕಳಿಸಿದರೆ ಖರ್ಚೇನೂ ಇಲ್ಲ.

ಸಂಘದ ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು, ಬಡ್ಡಿ ಎಷ್ಟು, ಮರುಪಾವತಿ ಎಷ್ಟು ಎಂದು ಷೇರುದಾರರು ಜೋರಾಗಿಯೇ ಕೇಳುತ್ತಾರೆ. ಆ ಸಾಲಿಗೆ ಇನ್ನೆರಡು ಪ್ರಶ್ನೆ ಸೇರಲಿ. ನಮ್ಮ ಕಂಪ್ಯೂಟರುಗಳಿಗೆ ಕೊನೆಯ ಭದ್ರತಾ ತಿದ್ದುಪಡಿ ಹಾಕಿದ್ದು ಯಾವ ದಿನ? ಅದು ಬಿಡುಗಡೆಯಾದದ್ದು ಯಾವ ದಿನ? ಎರಡೂ ದಿನಾಂಕಗಳನ್ನು ಆಡಳಿತ ಮಂಡಳಿ ವಾರ್ಷಿಕ ವರದಿಯಲ್ಲೇ ಅಚ್ಚು ಹಾಕಿಸುವಂತೆ ಠರಾವು ಮಾಡಿಸಬೇಕು. ಕೇಳುವವರಿದ್ದಾರೆ ಎಂದು ಗೊತ್ತಾದರೆ ಎರಡರ ನಡುವಿನ ಅಂತರ ತಾನಾಗಿ ಕಿರಿದಾಗುತ್ತದೆ.